ಎಲ್ಫ್‌ಗಳ ಊರನ್ನು ಕಟ್ಟುವುದು ಹೇಗೆ? ಕತೆ ಬರೆಯುವವರಿಗೂ ಆಟ ಆಡಿಸುವವರಿಗೂ ಸಮಗ್ರ ಮಾರ್ಗದರ್ಶಿ

ಎಲ್ಫ್ ಎಂದರೆ ಯೂರೋಪಿನ ಜನಪದ ಕತೆಗಳ ಮಾಯಾಜೀವಿ. ನಾನು ಕಟ್ಟಿದ ಮೊದಲ ಎಲ್ಫ್ ಊರಿನಲ್ಲಿ ಬಿಳಿ ಗೋಪುರಗಳಿದ್ದವು, ಬೆಳ್ಳಿಯ ಕಾರಂಜಿಯಿತ್ತು, ಎಲ್ಲರ ಕೂದಲೂ ಸೊಂಟದವರೆಗೆ ಇಳಿದಿತ್ತು. ಒಬ್ಬರು ಲೋಕವನ್ನು ವರ್ಣಿಸಿ ಆಡಿಸುವ, ಉಳಿದವರು ಅದರೊಳಗೆ ಪಾತ್ರಗಳಾಗಿ ಆಡುವ ಆಟ ನಮ್ಮದು. ಭಾನುವಾರ ಮಧ್ಯಾಹ್ನ ಮೇಜಿನ ಸುತ್ತ ದಾಳ ಹಿಡಿದು ಕುಳಿತಿದ್ದ ಗೆಳೆಯರಿಗೆ ಆ ಊರನ್ನು ಹತ್ತು ನಿಮಿಷ ವರ್ಣಿಸಿದೆ. ಮುಗಿದ ಮೇಲೆ ಅವರಲ್ಲೊಬ್ಬ ಕೇಳಿದ: ‘ಇವರಿಗೆ ಸೌದೆ ಎಲ್ಲಿಂದ ಬರುತ್ತದೆ? ಮರ ಕಡಿಯುವುದಿಲ್ಲ ಎಂದೆಯಲ್ಲ.’ ನನ್ನ ಬಳಿ ಉತ್ತರವಿರಲಿಲ್ಲ. ಏನೋ ಮಾಯೆಯ ಬೆಂಕಿ ಎಂದು ತೇಲಿಸಿದೆ. ಅಲ್ಲಿಂದ ಮುಂದೆ ಆ ಊರನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಮುಂದೆ ಹೇಳುವುದು ಎರಡನೆಯ ಸಲ ಕಟ್ಟಿದ ಕ್ರಮ. ಕಾದಂಬರಿಗೂ ಆಗುತ್ತದೆ, ಆಟಕ್ಕೂ ಆಗುತ್ತದೆ. ಬೇಕಾದದ್ದು ಒಂದು ನೋಟ್‌ಬುಕ್ಕು, ಪೆನ್ಸಿಲ್ಲು, ಒಂದಿಷ್ಟು ಕೂಡುವ ಭಾಗಿಸುವ ಲೆಕ್ಕ. ನಕ್ಷೆಗೆ ಈಗಲೇ ಕೈ ಹಾಕಬೇಡಿ, ಅದು ಕೊನೆಯ ಕೆಲಸ.

1. ಯಾವ ಎಲ್ಫ್ ಎಂದು ತೀರ್ಮಾನಿಸಿ

ಚೂಪು ಕಿವಿ, ಬಿಲ್ಲು ಬಾಣ, ಕಾಡಿನ ವಾಸ ಇವೆಲ್ಲ ಒಂದು ಬಗೆ ಮಾತ್ರ, ಅದೂ ಈಚಿನದು. ಹಳೆಯ ಇಂಗ್ಲಿಷಿನಲ್ಲಿ ‘ಎಲ್ಫ್’ ಎಂದರೆ ಅಂಜಬೇಕಾದ ಜೀವಿ. ಇದ್ದಕ್ಕಿದ್ದಂತೆ ಪಕ್ಕೆಯಲ್ಲಿ ಚುಚ್ಚು ನೋವು ಬಂದರೆ ಎಲ್ಫ್ ಬಾಣ ಬಿಟ್ಟಿತು ಎಂದು ಮಂತ್ರ ಹಾಕುತ್ತಿದ್ದರು. ಅದೇ ಜನ ತಮ್ಮ ಮಕ್ಕಳಿಗೆ ಆಲ್ಫ್ರೆಡ್ ಎಂದೂ ಹೆಸರಿಟ್ಟರು. ಅದರ ಅರ್ಥ ಎಲ್ಫ್‌ನ ಬುದ್ಧಿಮಾತು. ಐಸ್‌ಲ್ಯಾಂಡಿನ ‘ಮರೆಯ ಜನ’ ವಾಸಿಸುವುದು ಮರದಲ್ಲಲ್ಲ, ಬಂಡೆ ಮತ್ತು ದಿಬ್ಬಗಳಲ್ಲಿ. ಅಲ್ಲಿನ ಕೋಪವೊಗುರ್ ಪಟ್ಟಣದಲ್ಲಿ ಎಲ್ಫ್ ದಿಬ್ಬವೊಂದರ ಬಳಿ ಬಂದಾಗ ರಸ್ತೆಯೇ ಕಿರಿದಾಗುತ್ತದೆ. ನೀವು ಬಂಡೆಯೊಳಗಿನ ಊರನ್ನು ಕಟ್ಟಬಯಸಿದರೆ ಅದಕ್ಕೂ ಪರಂಪರೆಯ ಬೆಂಬಲವಿದೆ. ನಾನು ಕಾಡನ್ನೇ ಆರಿಸಿಕೊಂಡೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಪ್ರಶ್ನೆ: ಎಲ್ಫ್ ಅನ್ನು ಏನೆಂದು ಕರೆಯುವುದು? ಯಕ್ಷ, ಕಿನ್ನರ, ಗಂಧರ್ವ ಎಲ್ಲವನ್ನೂ ಬರೆದು ನೋಡಿದೆ. ಯಕ್ಷ ಎಂದ ಕೂಡಲೇ ಓದುಗನ ಮನಸ್ಸಿಗೆ ಕೊಳದ ದಂಡೆಯಲ್ಲಿ ಧರ್ಮರಾಯನನ್ನು ಪ್ರಶ್ನೆ ಕೇಳುವವನು ಬರುತ್ತಾನೆ, ಗಂಧರ್ವ ಎಂದರೆ ಸಂಗೀತ ಕೇಳಿಸುತ್ತದೆ. ನಮ್ಮ ಹೆಸರುಗಳಿಗೆ ಅವುಗಳದೇ ಸಂಸಾರವಿದೆ. ಎಲ್ಫ್ ಎಂದೇ ಉಳಿಸಿಕೊಂಡೆ, ಬಸ್ಸು ಕಾರುಗಳನ್ನು ಉಳಿಸಿಕೊಂಡ ಹಾಗೆ.

2. ಆಯಸ್ಸನ್ನು ನಿಗದಿಪಡಿಸಿ, ಲೆಕ್ಕ ಹಾಕಿ

ಇಡೀ ಊರು ಹುಟ್ಟುವುದು ಇಲ್ಲಿಂದಲೇ. ಹೆಚ್ಚಿನವರು ಎಲ್ಫ್‌ಗಳಿಗೆ ದೀರ್ಘಾಯುಷ್ಯ ಕೊಟ್ಟು ಅದನ್ನು ಮರೆತುಬಿಡುತ್ತಾರೆ; ಊರೇನೋ ಎಪ್ಪತ್ತಕ್ಕೆ ಸಾಯುವ ಮನುಷ್ಯರ ಊರಿನಂತೆಯೇ ನಡೆಯುತ್ತಿರುತ್ತದೆ. 1974ರಲ್ಲಿ ಬಂದ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಎಂಬ ಇಂಥದೇ ಆಟದ ಐದನೆಯ ಆವೃತ್ತಿಯಲ್ಲಿ ಎಲ್ಫ್ 750 ವರ್ಷದವರೆಗೆ ಬದುಕಬಲ್ಲದು, ನೂರರ ಆಸುಪಾಸಿನಲ್ಲಿ ಪ್ರಾಯಕ್ಕೆ ಬಂದೆನೆಂದು ಹೇಳಿಕೊಳ್ಳುತ್ತದೆ. ಲೆಕ್ಕಕ್ಕೆ ಸುಲಭವಾಗಲೆಂದು ನಾನು ಸರಾಸರಿ 700 ಇಟ್ಟುಕೊಂಡೆ.

ಈಗ ಊರಿನ ಜನಸಂಖ್ಯೆಯನ್ನು ಆಯಸ್ಸಿನಿಂದ ಭಾಗಿಸಿ. 2,100 ಜನರಿದ್ದು ಸಂಖ್ಯೆ ಏರಿಳಿತವಿಲ್ಲದೆ ನಿಂತಿದ್ದರೆ ವರ್ಷಕ್ಕೆ ಮೂರು ಹೆರಿಗೆ, ಮೂರು ಸಾವು. ಅಷ್ಟೇ ಜನರ ಮನುಷ್ಯರ ಊರಿನಲ್ಲಿ, ಆಯಸ್ಸು ಎಪ್ಪತ್ತಾದರೆ, ವರ್ಷಕ್ಕೆ ಮೂವತ್ತು ಹೆರಿಗೆ. ಈ ‘ಮೂರು’ ಎಂಬ ಅಂಕಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಪ್ಪಗೆ ಬರೆದುಕೊಳ್ಳಿ. ಹದಿನೆಂಟು ದಾಟದ ಮಕ್ಕಳು ಇಡೀ ಊರಿಗೆ 54. ಒಂದೇ ವಯಸ್ಸಿನವರು ಮೂವರು. ಶಾಲೆ ಎಂದರೆ ಒಂದು ಕೋಣೆ. ಸೂಲಗಿತ್ತಿಗೆ ವರ್ಷಕ್ಕೆ ಮೂರು ಸಲ ಕೆಲಸ. ಉಳಿದ ದಿನ ಅವಳು ಇನ್ನೇನೋ ಮಾಡುತ್ತಿರಬೇಕು. ನನ್ನ ಊರಿನಲ್ಲಿ ಅವಳು ಜೇನು ಸಾಕುತ್ತಾಳೆ.

ಇನ್ನೊಂದು ಕಳೆಯುವ ಲೆಕ್ಕ ಮಾಡಿ. ನೂರು ತುಂಬದವರು 300. ಅದರಲ್ಲಿ ಮಕ್ಕಳು 54 ಹೋದರೆ ಉಳಿದವರು 246. ಮೈಯೆಲ್ಲ ಬೆಳೆದ, ಕೆಲಸ ಕಲಿತ, ಎಂಬತ್ತು ದಾಟಿದವರೂ ಇರುವ, ಆದರೆ ಊರಿನ ಸಭೆಯಲ್ಲಿ ಬಾಯಿ ತೆರೆಯುವ ಹಕ್ಕಿಲ್ಲದ 246 ಜನ. ನನ್ನ ಕತೆಗೆ ಬೇಕಾದ ಜಗಳ ಇಲ್ಲೇ ಸಿಕ್ಕಿತು, ದುಷ್ಟ ಮಾಂತ್ರಿಕನನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಅಪ್ಪನ ಕಮ್ಮಾರಸಾಲೆ ಮಗನಿಗೆ ಸಿಗಲು ಇನ್ನೂ ಐನೂರು ವರ್ಷವಿದೆ. ಗುರು ನಿವೃತ್ತನಾಗುವುದಿಲ್ಲ. ಹೀಗಿರುವಾಗ ಚುರುಕಾದ ಹುಡುಗರು ಊರು ಬಿಡುತ್ತಾರೆ. ಬಹುತೇಕ ಎಲ್ಲ ಕತೆಗಳಲ್ಲೂ ದಾರಿಯಲ್ಲಿ ಸಿಗುವ ಅಲೆಮಾರಿ ಎಲ್ಫ್ ಯಾಕೆ ಅಲೆಮಾರಿ ಎಂಬುದಕ್ಕೂ ಇದೇ ಕಾರಣ ಸಾಕು.

ಏಳುನೂರು ವರ್ಷ ಎಂದರೆ ಎಷ್ಟು ಎಂದು ಕನ್ನಡದ ಓದುಗರಿಗೆ ಮುಟ್ಟಿಸಲು ನಾನೊಂದು ಅಳತೆ ಬಳಸುತ್ತೇನೆ. ಇವತ್ತು ಏಳುನೂರು ತುಂಬುವ ಎಲ್ಫ್ ಹುಟ್ಟಿದಾಗ ಹೊಯ್ಸಳರ ಮೂರನೆಯ ಬಲ್ಲಾಳ ಆಳುತ್ತಿದ್ದ; 1336ರ ವಿಜಯನಗರ ಇನ್ನೂ ಹುಟ್ಟಿರಲಿಲ್ಲ. ಹಂಪಿ ಕಟ್ಟಿದ್ದನ್ನೂ ಹಾಳಾದದ್ದನ್ನೂ ನೋಡಿದ ಅಜ್ಜಿ ನಿಮ್ಮ ಊರಿನ ಜಗಲಿಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದಾಳೆ ಎಂದುಕೊಳ್ಳಿ.

3. ಕಾಡಿನ ಮರಗಳನ್ನು ಹೆಸರಿಸಿ

‘ದಟ್ಟ ಕಾಡು’ ಎಂದು ಬರೆದು ಮುಂದೆ ಹೋಗಬೇಡಿ. ಊರು ಮರೆಯಲ್ಲಿರಬೇಕು ಎಂದಿದ್ದರೆ ಈ ಹಂತ ತಪ್ಪಿದರೆ ಕೆಲಸ ಕೆಟ್ಟಿತು. ಓಕ್, ಬೀಚ್ ಮರಗಳು ಚಳಿಗಾಲದಲ್ಲಿ ಎಲೆ ಉದುರಿಸಿ ಬರಿಯ ಕೊಂಬೆಗಳಾಗುತ್ತವೆ. ಬೇಸಗೆಯಲ್ಲಿ ಯಾರಿಗೂ ಕಾಣದ ನಿಮ್ಮ ರಹಸ್ಯ ಊರು ಹಿಮ ಬೀಳುವ ಹೊತ್ತಿಗೆ ಮೈಲಿ ದೂರದಿಂದ ಕಾಣುತ್ತದೆ, ಒಲೆಯ ಹೊಗೆ ಸಮೇತ. ನಿತ್ಯಹಸಿರಿನ ನಾಡಿನಲ್ಲಿ ಬೆಳೆದ ನಮಗೆ ಇದು ತಟ್ಟನೆ ಹೊಳೆಯುವುದಿಲ್ಲ.

ಮೂರು ಮರ ಸಾಕು, ಆದರೆ ಅವುಗಳ ಸ್ವಭಾವ ಗೊತ್ತಿರಲಿ. ನಾನು ಓಕ್, ಚೆಸ್ಟ್‌ನಟ್, ಯೂ ಆರಿಸಿದೆ. ಓಕ್ ಮನೆಗೆ, ಚೆಸ್ಟ್‌ನಟ್ ಹೊಟ್ಟೆಗೆ, ಎಲೆ ಉದುರಿಸದ ಯೂ ಮರೆಗೆ ಮತ್ತು ಬಿಲ್ಲಿಗೆ. ಊರಿನ ಸುತ್ತ ಮೂರು ಸಾಲು ಯೂ ಬೇಲಿ. ಅದರ ಎಲೆ, ಬೀಜ ಎರಡೂ ವಿಷ, ಹಾಗಾಗಿ ದನಕರು ಬೇಲಿಯ ಹತ್ತಿರ ಬರದಂತೆ ಕಾಯಬೇಕು. ಕಾಯುವವರು ಆ 246 ಜನರಲ್ಲಿ ಯಾರೋ.

4. ಮನೆಗಳನ್ನು ನೆಡಿ

ಮರದ ತುದಿಯಲ್ಲಿ ಮನೆ ನೋಡಲು ಚೆಂದ. ಇಂಡೊನೇಷ್ಯಾದ ಪಾಪುವಾ ಸೀಮೆಯ ಕೊರೊವಾಯ್ ಜನ ನಿಜವಾಗಿಯೂ ಎಂಟು ಹತ್ತು ಮೀಟರ್ ಎತ್ತರದ ಮರದ ಮನೆಗಳನ್ನು ಕಟ್ಟಿದವರು. ಆದರೆ ಎರಡು ಸಾವಿರ ಜನರ ಊರನ್ನು ಮೇಲೆ ಕೂರಿಸಿದರೆ ನೀರು ಹತ್ತಬೇಕು, ಕೊಳೆ ಇಳಿಯಬೇಕು. ಮೇಲಿನ ಮನೆಯವರು ಬಚ್ಚಲ ನೀರು ಚೆಲ್ಲಿದಾಗ ಕೆಳಗಿನ ಮನೆಯವರು ಏನನ್ನುತ್ತಾರೆ ಎಂಬುದನ್ನು ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ವಿವರಿಸಬೇಕಿಲ್ಲ. ನಾನು ಕಾವಲು ಅಟ್ಟಣಿಗೆಗಳನ್ನು ಮಾತ್ರ ಮೇಲಿಟ್ಟು ಮನೆಗಳನ್ನು ನೆಲಕ್ಕಿಳಿಸಿದೆ.

ಆ ಮನೆಗಳು ಬೆಳೆದವು, ಕಟ್ಟಿದವಲ್ಲ. ಇದಕ್ಕೆ ಮಾದರಿ ನಮ್ಮ ದೇಶದಲ್ಲೇ ಇದೆ. ಮೇಘಾಲಯದ ಖಾಸಿ ಮತ್ತು ಜೈಂತಿಯಾ ಜನ ರಬ್ಬರ್ ಜಾತಿಯ ಆಲದ ಬೇರುಗಳನ್ನು ಹಳ್ಳದ ಆಚೆಗೆ ಎಳೆದು ಸೇತುವೆ ಮಾಡುತ್ತಾರೆ. ಬೇರಿಗೆ ದಾರಿ ತೋರಿಸಲು ಸೀಳಿ ಟೊಳ್ಳು ಮಾಡಿದ ಅಡಿಕೆ ಮರದ ದೋಣಿಯನ್ನು ಬಳಸುವುದುಂಟು. ಜನ ನಡೆದಾಡುವಷ್ಟು ಗಟ್ಟಿಯಾಗಲು ಹದಿನೈದರಿಂದ ಮೂವತ್ತು ವರ್ಷ ಬೇಕು. ಚಳಿನಾಡಿನ ಓಕ್ ಮರಕ್ಕೆ ಬಿಳಲು ಬಿಡುವ ಗುಣವಿಲ್ಲ, ಅಲ್ಲಿ ಕಸಿ ವಿಧಾನ ಬೇಕು. ಒಂದೇ ಜಾತಿಯ ಎರಡು ಕೊಂಬೆಗಳ ತೊಗಟೆ ಹೆರೆದು ಬಿಗಿಯಾಗಿ ಕಟ್ಟಿದರೆ ಅವು ಕೂಡಿಕೊಂಡು ಒಂದಾಗುತ್ತವೆ. ಕ್ಯಾಲಿಫೋರ್ನಿಯಾದ ರೈತ ಆಕ್ಸೆಲ್ ಅರ್ಲಾಂಡ್‌ಸನ್ ಹೀಗೆ ಮರಗಳನ್ನು ಹೆಣಿಗೆಯ ಬುಟ್ಟಿಯಂತೆ ಬೆಳೆಸಿ 1947ರಲ್ಲಿ ಪ್ರದರ್ಶನಕ್ಕೇ ಇಟ್ಟ. ಒಬ್ಬ ಮನುಷ್ಯ ಅರ್ಧ ಆಯಸ್ಸಿನಲ್ಲಿ ಅಷ್ಟು ಮಾಡಿದರೆ ಎಲ್ಫ್‌ಗಳಿಗೆ ಒಂದು ಬೀದಿಯನ್ನೇ ಬೆಳೆಸಲು ಏನು ಕಷ್ಟ?

ಒಂದು ತಪ್ಪನ್ನು ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದ್ದೇನೆ: ಮರ ಬೆಳೆದಂತೆ ಮನೆಯೂ ಮೇಲೇರುತ್ತದೆ ಎಂದು ಬರೆಯುವುದು. ಹಾಗಾಗುವುದಿಲ್ಲ. ಮರ ಎತ್ತರವಾಗುವುದು ತುದಿಯಲ್ಲಿ. ಎದೆಮಟ್ಟಕ್ಕೆ ಹೊಡೆದ ಮೊಳೆ ನೂರು ವರ್ಷವಾದರೂ ಎದೆಮಟ್ಟದಲ್ಲೇ ಇರುತ್ತದೆ. ಆದರೆ ಕಾಂಡ ದಪ್ಪವಾಗುತ್ತಾ ಹೋಗಿ ಮೊಳೆಯನ್ನು ನುಂಗುತ್ತದೆ. ಜೀವಂತ ಮರದಲ್ಲಿ ಬಾಗಿಲು ಬಿಟ್ಟರೆ ಅದರ ಎರಡೂ ಅಂಚುಗಳು ಗಾಯ ಮಾಯುವಂತೆ ಒಳಕ್ಕೆ ಬೆಳೆಯುತ್ತವೆ. ಹಾಗಾಗಿ ನನ್ನ ಊರಿನಲ್ಲಿ ಬಾಗಿಲು ಕೆತ್ತುವುದೇ ಒಂದು ಕಸುಬು. ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ ಬಡಗಿ ಬಂದು ಅಂಚು ಸವರಬೇಕು. ತೀರಾ ಹಳೆಯ ಮನೆಗಳಿಗೆ ಮೈ ಓರೆ ಮಾಡಿಕೊಂಡು ಹೋಗಬೇಕು. ಬಾಗಿಲು ಕಿರಿದಾದಷ್ಟೂ ಮನೆತನ ದೊಡ್ಡದು. ಮನುಷ್ಯ ಅತಿಥಿ, ಅದೂ ಸ್ವಲ್ಪ ಹೊಟ್ಟೆಯಿರುವವನು, ಊರಿನ ಹಿರಿಯರನ್ನು ನೋಡಲು ಹೋಗುವ ದೃಶ್ಯವನ್ನು ಬರೆದು ನೋಡಿ.

ಸ್ವೀಡನ್ನಿನ ವಿಸಿಂಗ್ಸೊ ದ್ವೀಪದಲ್ಲಿ ಯುದ್ಧನೌಕೆಗಳಿಗೆಂದು 1830ರ ದಶಕದಲ್ಲಿ ಓಕ್ ತೋಪು ನೆಟ್ಟರು. ಮರ ಸಿದ್ಧವಾಗಿದೆ ಎಂದು ಅರಣ್ಯದವರು ನೌಕಾಪಡೆಗೆ ತಿಳಿಸಿದ್ದು 1975ರಲ್ಲಿ. ಅಷ್ಟರಲ್ಲಿ ಹಡಗುಗಳೆಲ್ಲ ಉಕ್ಕಿನವಾಗಿದ್ದವು, ನೆಟ್ಟವರು ಯಾರೂ ಬದುಕಿರಲಿಲ್ಲ. ನಿಮ್ಮ ಊರಿನಲ್ಲಿ ನೆಟ್ಟವಳೇ ಕೊಡಲಿ ಹಿಡಿದು ಬರುತ್ತಾಳೆ. ಅವಳ ಮನಸ್ಸು ಬದಲಾಗಿರಲೂ ಬಹುದು.

5. ಒಲೆ ಹಚ್ಚಿ

ಗೆಳೆಯ ಕೇಳಿದ ಪ್ರಶ್ನೆಗೆ ಬಂದೆವು. ಎಲ್ಫ್ ಮರ ಕಡಿಯುವುದಿಲ್ಲ ಎಂಬ ನಿಯಮವನ್ನು ಕೈಬಿಡಿ. ಕಾಡನ್ನು ಬಲ್ಲವರು ಕಡಿಯುತ್ತಾರೆ, ಎಲ್ಲಿ ಕಡಿಯಬೇಕೆಂದು ತಿಳಿದು ಕಡಿಯುತ್ತಾರೆ. ಕಬ್ಬು ಕಡಿದ ಮೇಲೆ ಕೂಳೆ ಚಿಗುರುವ ಹಾಗೆ ಹೇಝಲ್, ಆ್ಯಶ್, ಓಕ್ ಮರಗಳೂ ಬುಡದಿಂದ ಚಿಗುರುತ್ತವೆ. ಯೂರೋಪಿನ ರೈತರು ನೂರಾರು ವರ್ಷ ಸೌದೆ, ಬೇಲಿಗೂಟ, ಇದ್ದಿಲು ಎಲ್ಲವನ್ನೂ ಪಡೆದದ್ದು ಹೀಗೆಯೇ. ದನ ಮೇಯುವ ಕಡೆ ಬುಡಕ್ಕೆ ಕಡಿಯದೆ ಆಳೆತ್ತರ ಬಿಟ್ಟು ಕಡಿಯುತ್ತಿದ್ದರು, ಚಿಗುರು ದನದ ಬಾಯಿಗೆ ಸಿಗಬಾರದೆಂದು. ಮಲೆನಾಡಿನ ಸೊಪ್ಪಿನಬೆಟ್ಟ ನೋಡಿದವರಿಗೆ ರೆಂಬೆ ಸವರಿಸಿಕೊಂಡು ಬಾಳುವ ಮರ ಹೊಸತಲ್ಲ. ಕಡಿಯದೆ ಬಿಟ್ಟ ಮರಕ್ಕಿಂತ ಹೀಗೆ ಕಡಿಸಿಕೊಂಡ ಬುಡ ಹೆಚ್ಚು ಕಾಲ ಬದುಕುತ್ತದೆ ಎಂಬುದು ಇದರ ಸೊಗಸು.

ಮಾಡುವ ಕ್ರಮ ಇಷ್ಟು. ಊರಿನ ದಕ್ಷಿಣಕ್ಕೆ ಹೇಝಲ್ ತೋಪನ್ನು ಇಡಿ. ಅದನ್ನು ಹತ್ತು ಪಾಲು ಮಾಡಿ. ಚಳಿಗಾಲಕ್ಕೊಂದು ಪಾಲು ಕಡಿಯಲಿ. ಹತ್ತನೆಯದು ಮುಗಿಯುವಾಗ ಮೊದಲನೆಯದು ಮತ್ತೆ ಬೆಳೆದಿರುತ್ತದೆ. ಆಯಸ್ಸಿನಲ್ಲಿ ಒಬ್ಬ ಎಲ್ಫ್ ಒಂದೇ ಬುಡವನ್ನು ಅರವತ್ತು ಎಪ್ಪತ್ತು ಸಲ ಕಡಿದಿರುತ್ತಾನೆ, ಅದರ ಗಂಟುಗಳೆಲ್ಲ ಅವನ ಕೈಗೆ ಬಾಯಿಪಾಠ. ವರ್ಷಗಳನ್ನೂ ಪಾಲಿನ ಹೆಸರಿನಿಂದ ಕರೆಯಲಿ: ‘ಏಳನೆಯ ಪಾಲು ಕಡಿದ ವರ್ಷ ನನ್ನ ಮದುವೆ.’ ಯಾವ ಏಳನೆಯ ಪಾಲು ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಗೊಂದಲವಾಗಲಿ ಬಿಡಿ.

ಊಟಕ್ಕೆ ಚೆಸ್ಟ್‌ನಟ್. ಫ್ರಾನ್ಸಿನ ಸೆವೆನ್ ಬೆಟ್ಟಸೀಮೆಯಲ್ಲಿ ಅದಕ್ಕೆ ರೊಟ್ಟಿಮರ ಎಂದೇ ಹೆಸರು. ಕಾಯಿಗಳನ್ನು ಸಣ್ಣ ಕಲ್ಲುಮನೆಯ ಅಟ್ಟದ ಮೇಲೆ ಹರಡಿ, ಕೆಳಗೆ ವಾರಗಟ್ಟಲೆ ಹೊಗೆಬೆಂಕಿ ಇಟ್ಟು ಒಣಗಿಸಿ, ಸಿಪ್ಪೆ ಬಡಿದು ಹಿಟ್ಟು ಮಾಡುತ್ತಿದ್ದರು. ಆ ಹಿಟ್ಟಿಗೆ ಗೋಧಿಯ ಅಂಟಿಲ್ಲ, ಬ್ರೆಡ್ಡಿನಂತೆ ಉಬ್ಬುವುದಿಲ್ಲ. ಕಾರ್ಸಿಕಾದಲ್ಲಿ ಅದನ್ನು ಕುದಿಯುವ ನೀರಿಗೆ ಹಾಕಿ ತೊಳಸಿ ಮುದ್ದೆ ಕಟ್ಟುತ್ತಾರೆ. ಹೌದು, ಮುದ್ದೆಯೇ. ಎಲ್ಫ್‌ಗಳು ಎಲೆಯಲ್ಲಿ ಸುತ್ತಿದ ತೆಳ್ಳನೆಯ ಬಿಸ್ಕತ್ತು ತಿನ್ನುತ್ತಾರೆಂದು ನಂಬಿದ್ದ ನನ್ನ ಆಟಗಾರರಿಗೆ ಹೊಗೆವಾಸನೆಯ ಕಂದು ಮುದ್ದೆ ಬಡಿಸಿದಾಗ ಅವರ ಮುಖ ನೋಡಬೇಕಿತ್ತು.

ಕಾಡಿನಲ್ಲಿ ಸಿಗದ ಎರಡು ವಸ್ತುಗಳನ್ನು ಪಟ್ಟಿ ಮಾಡಿ: ಉಪ್ಪು, ಕಬ್ಬಿಣ. ಇವುಗಳಿಗಾಗಿ ಊರು ಹೊರಗಿನವರ ಮುಂದೆ ಕೈಯೊಡ್ಡಲೇಬೇಕು.

6. ರಾತ್ರಿಯನ್ನು ಮರೆಯಬೇಡಿ

ಆಟದ ನಿಯಮದಂತೆ ಎಲ್ಫ್‌ಗೆ ನಿದ್ದೆಯಿಲ್ಲ. ನಾಲ್ಕು ಗಂಟೆ ಧ್ಯಾನದಂತೆ ಕುಳಿತರೆ ಸಾಕು. ಕತ್ತಲಲ್ಲೂ ಕಣ್ಣು ಕಾಣುತ್ತದೆ. ಅಂದ ಮೇಲೆ ಬೀದಿದೀಪ ಯಾರಿಗೆ ಬೇಕು? ನಡುರಾತ್ರಿ ಎರಡು ಗಂಟೆಗೆ ನೇಕಾರ ಮಗ್ಗದ ಮುಂದೆ ಕುಳಿತಿರುತ್ತಾನೆ, ಸಂತೆ ನಡೆಯುತ್ತಿರುತ್ತದೆ, ಒಂದೂ ದೀಪವಿಲ್ಲ. ಮನುಷ್ಯ ಯಾತ್ರಿಕನಿಗೆ ಸುತ್ತಲೂ ಮಾತು, ನಗು, ಹೆಜ್ಜೆ ಸಪ್ಪಳ ಕೇಳಿಸುತ್ತದೆ, ಏನೂ ಕಾಣಿಸುವುದಿಲ್ಲ. ಇಡೀ ಊರಿನಲ್ಲಿ ಹಾಸಿಗೆ ಮತ್ತು ದೀಪ ಇರುವುದು ಅತಿಥಿಗಳ ಛತ್ರದಲ್ಲಿ ಮಾತ್ರ.

7. ಹೆಸರಿಡಿ, ಮತ್ತೆ ಅದನ್ನು ಸವೆಸಿ

ಹೆಸರನ್ನು ಬಾಯಿಬಿಟ್ಟು ಹೇಳಿ ನೋಡದೆ ಇಡಬೇಡಿ. ನನ್ನ ಮೊದಲ ಊರಿನ ಹೆಸರು ‘ನಾರೆಲ್’. ಆಟಗಾರರು ಪ್ರತಿ ಸಲವೂ ಮೂಗು ಮುಚ್ಚಿಕೊಂಡರು. ಕಾಗದದ ಮೇಲೆ ಕಾಣದ ‘ನಾರು’ ಕಿವಿಗೆ ಹೊಡೆಯುತ್ತದೆ.

ಮೊದಲು ಏಳೆಂಟು ವ್ಯಂಜನಗಳನ್ನು ಆರಿಸಿಕೊಳ್ಳಿ, ಬೇರೆಯವನ್ನು ಮುಟ್ಟಬೇಡಿ. ನನ್ನವು ಸ, ಲ, ವ, ರ, ನ, ತ, ಮ. ಎರಡು ಮೂಲಪದ ಮಾಡಿ: ‘ಸೆಲ್’ ಎಂದರೆ ಹೊಳೆಯ ತಿರುವು, ‘ವರೀನ್’ ಎಂದರೆ ಹಳೆಯ ತೋಪು. ಊರು ಸೆಲ್ವರೀನ್. ಇಲ್ಲಿಗೆ ಹೆಚ್ಚಿನವರು ನಿಲ್ಲಿಸುತ್ತಾರೆ, ನೀವು ಇನ್ನೊಂದು ಹೆಜ್ಜೆ ಹೋಗಿ. ನಿಜವಾದ ಊರ ಹೆಸರುಗಳು ಸವೆಯುತ್ತವೆ. ರೋಮನ್ನರ ಎಬೊರಾಕಮ್, ವೈಕಿಂಗರ ಬಾಯಲ್ಲಿ ಯೊರ್ವಿಕ್ ಆಗಿ, ಈಗ ಯಾರ್ಕ್ ಆಗಿದೆ. ಸೆಲ್ವರೀನಿನ ಪಕ್ಕದ ಮನುಷ್ಯರು ಅದನ್ನು ‘ಸಲ್ವರ’ ಎನ್ನುತ್ತಾರೆ.

ಎಲ್ಫ್‌ಗಳ ಬಾಯಲ್ಲೂ ಸವೆಯಬೇಕಲ್ಲ? ಕನ್ನಡದಲ್ಲಿ ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಆ ಬದಲಾವಣೆ ಊರೂರಿಗೆ ಹರಡಲು ಶತಮಾನಗಳೇ ಹಿಡಿದವು. ಪುಲಿ ಎಂದವರೂ ಹುಲಿ ಎಂದವರೂ ಮುಖಾಮುಖಿ ಆದದ್ದು ನಡುವಿನ ಕೆಲವು ತಲೆಮಾರುಗಳಲ್ಲಿ ಮಾತ್ರ. ಏಳುನೂರು ವರ್ಷ ಬದುಕುವವರಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ನಾನು ಸಕಾರವನ್ನು ಹಕಾರ ಮಾಡಿದೆ, ಅದೂ ಲೋಕದಲ್ಲಿ ಇರುವ ಬದಲಾವಣೆಯೇ. ಸಂಸ್ಕೃತದ ಸಪ್ತ ಇರಾನಿನ ಅವೆಸ್ತಾ ಭಾಷೆಯಲ್ಲಿ ಹಪ್ತ; ಪಾರಸಿಯ ಹಫ್ತಾ ನಮ್ಮ ಪೇಟೆಗಳವರೆಗೂ ಬಂದಿದೆ. ಹೀಗಾಗಿ ಮುನ್ನೂರು ದಾಟಿದವರಿಗೆ ಊರು ಸೆಲ್ವರೀನ್, ಚಿಕ್ಕವರಿಗೆ ಹೆಲ್ವರೀನ್. ಹೆಬ್ಬಾಗಿಲ ಮೇಲೆ ಯಾವುದನ್ನು ಕೆತ್ತಬೇಕು? ಸಭೆಯಲ್ಲಿ ಮಾತಾಡುವ ಹಕ್ಕಿರುವುದು ಹಿರಿಯರಿಗೆ. ಉಳಿ ಹಿಡಿಯುವವರು ಆ 246 ಜನ.

8. ನೆರೆಯವರನ್ನು ಕರೆತನ್ನಿ

ಹದಿಮೂರನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಂದು ಸಂತೆಗೂ ಇನ್ನೊಂದಕ್ಕೂ ಆರು ಮತ್ತು ಮೂರನೆಯ ಎರಡು ಮೈಲಿ, ಅಂದರೆ ಸುಮಾರು 10.7 ಕಿಲೋಮೀಟರ್ ಅಂತರವಿರಬೇಕು ಎಂಬ ನಿಯಮವನ್ನು ಬ್ರ್ಯಾಕ್ಟನ್ ಎಂಬ ನ್ಯಾಯಪಂಡಿತನ ಹೆಸರಿನ ಗ್ರಂಥ ಹೇಳುತ್ತದೆ. ದಿನದ ನಡಿಗೆ ಇಪ್ಪತ್ತು ಮೈಲಿ ಎಂದಿಟ್ಟುಕೊಂಡು ಅದನ್ನು ಮೂರು ಪಾಲು ಮಾಡಿದ ಲೆಕ್ಕ ಅದು: ಹೋಗಲು ಒಂದು, ವ್ಯಾಪಾರಕ್ಕೆ ಒಂದು, ಬೆಳಕಿರುವಾಗ ಮನೆ ಸೇರಲು ಒಂದು. ಉಪ್ಪು ಮಾರುವ ಮನುಷ್ಯರ ಹಳ್ಳಿಯನ್ನು ನಾನು ಅಷ್ಟೇ ದೂರದಲ್ಲಿ ಇಟ್ಟೆ.

ಈಗ ಒಪ್ಪಂದ ಬರೆಯಿರಿ. ಇನ್ನೂರು ವರ್ಷದ ಹಿಂದೆ ಹಳ್ಳಿಯ ಮುಖ್ಯಸ್ಥ ವರ್ಷಕ್ಕೆ ನಲವತ್ತು ಮೂಟೆ ಉಪ್ಪು ಕೊಡುವುದಾಗಿ ಕೈಮೇಲೆ ಕೈಯಿಟ್ಟು ಹೇಳಿದ್ದ. ಅವನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸತ್ತು ಎಂಟನೆಯ ತಲೆಮಾರು ನಡೆಯುತ್ತಿದೆ. ಇವರಿಗೆ ಅದು ಅಜ್ಜಿಕತೆ. ಆದರೆ ಆ ಕೈಯನ್ನು ಹಿಡಿದಿದ್ದ ಎಲ್ಫ್ ಹೆಂಗಸಿಗೆ ಅದು ಮೊನ್ನೆಯ ಮಾತು. ಬಾಕಿ ಎಷ್ಟೆಂದು ಬಾಯಿಲೆಕ್ಕದಲ್ಲಿ ಹೇಳುತ್ತಾಳೆ. ಇಬ್ಬರದೂ ಸುಳ್ಳಲ್ಲ. ಒಂದೇ ಒಂದು ಎಚ್ಚರ: ಎಲ್ಫ್ ಪಾತ್ರಕ್ಕೆ ಹಳಗನ್ನಡ ತುರುಕಬೇಡಿ, ನಾಟಕದ ಡೈಲಾಗ್ ಆಗುತ್ತದೆ. ಎಂಬತ್ತರ ಮುದುಕನನ್ನು ಅವಳು ‘ಮಗೂ’ ಎಂದು ಕರೆದರೆ ಸಾಕು.

9. ಕೊನೆಗೆ ನಕ್ಷೆ

ಇಷ್ಟಾದ ಮೇಲೆ ನಕ್ಷೆ ತಾನಾಗಿ ಬರುತ್ತದೆ. ಹೊಳೆಯ ತಿರುವು ಹಾಕಿ, ಒಳಗಿನ ಅಂಚಿನಲ್ಲಿ ಹಳೆಯ ಮನೆಗಳು, ಹೊರಗೆ ಕಿರಿಯರ ಬೀದಿ. ದಕ್ಷಿಣಕ್ಕೆ ಹತ್ತು ಪಾಲಿನ ತೋಪು, ಗಾಳಿ ಬೀಸುವ ದಿಕ್ಕು ನೋಡಿ ಹೊಗೆಮನೆಗಳು, ಉಪ್ಪಿನ ದಾರಿ ಬಂದು ಮುಟ್ಟುವಲ್ಲಿ ಛತ್ರ. ಸುತ್ತ ಯೂ ಬೇಲಿ. ಕಾಲು ಭಾಗವನ್ನು ಖಾಲಿ ಬಿಡಿ, ಆಟಗಾರರು ಕೇಳುವ ಪ್ರಶ್ನೆಗಳಿಗೆ ಜಾಗ ಬೇಕಾಗುತ್ತದೆ.

ಮೊದಲ ಭೇಟಿಯನ್ನು ರಾತ್ರಿ ಇಡಿ ಮತ್ತು ಏನನ್ನೂ ವರ್ಣಿಸಬೇಡಿ. ನಾನು ಹೇಳಿದ್ದು ಇಷ್ಟೇ: ಕತ್ತಲು, ಹೊಗೆಯ ವಾಸನೆ, ಹತ್ತಿರದಲ್ಲೇ ಎಲ್ಲೋ ಮಗ್ಗದ ಸದ್ದು, ಮೇಲೆ ಉಳಿಯಿಂದ ಏನನ್ನೋ ಕೆತ್ತುವ ಸದ್ದು. ಸೌದೆಯ ಪ್ರಶ್ನೆ ಕೇಳಿದ್ದ ಅದೇ ಗೆಳೆಯ ಈ ಸಲ ದಾಳವನ್ನು ಕೈಯಲ್ಲೇ ಹಿಡಿದು, ‘ಹೆಬ್ಬಾಗಿಲ ಮೇಲೆ ಈ ಹೊತ್ತಿನಲ್ಲಿ ಕೆತ್ತುತ್ತಿರುವವರು ಯಾರು?’ ಎಂದ. ಅವತ್ತು ಆಟ ಮುಗಿದಾಗ ರಾತ್ರಿ ಹನ್ನೊಂದೂವರೆ. ಅವರಿನ್ನೂ ಊರೊಳಗೆ ಕಾಲಿಟ್ಟಿರಲಿಲ್ಲ.